ಮಲಪ್ರಭಾ ಕ್ಲಬ್ಬಿನ ಕಮಿಷನ್

ನನ್ನ ಕಾಲಿಗೆ ಮೊದಲ ಬೂಟು ಹಾಕಿದವರು ನಿಜಲಿಂಗಪ್ಪ ಕಾಕಾ. ಆಗ ನನಗೆ ಹತ್ತು ವರ್ಷ. ಪುಣೆಯ ಕೋಥರೂಡದ ಮೈದಾನದಲ್ಲಿ ಬರಿಗಾಲಲ್ಲಿ ಖೋಖೋ ಆಡಿ ಹಿಮ್ಮಡಿ ಒಡೆದುಕೊಂಡಿದ್ದೆ. ಕಾಕಾ ತಮ್ಮ ಅಂಗಡಿಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದರು. ಆಮೇಲೆ ತಾವು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಲೇಸು ಕಟ್ಟಿದರು.

ಅವರು ಸವದತ್ತಿ ಕಡೆಯವರು. ಪುಣೆಯಲ್ಲಿ ಬೂಟು, ದಫ್ತರ ಎನ್ನುವ ಶಾಲೆಯ ಚೀಲಗಳ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ದಿನಾ ಬೆಳಗ್ಗೆ ಆರು ಗಂಟೆಗೆ ಮೈದಾನಕ್ಕೆ ಬಂದು ಅಲ್ಲಿದ್ದ ನಮ್ಮ ಕನ್ನಡದ ಮನೆಗಳ ಹುಡುಗಿಯರಿಗೆ ಖೋಖೋ ಕಲಿಸಿ, ಆಮೇಲೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದರು. ಒಂದು ಪೈಸೆ ಮುಟ್ಟಿದವರಲ್ಲ. ಕ್ಲಬ್ಬಿಗೆ ಮಲಪ್ರಭಾ ಎಂದು ತಮ್ಮೂರಿನ ಹೊಳೆಯ ಹೆಸರು ಇಟ್ಟವರೂ ಅವರೇ.

೨೦೦೮ರ ಹೊತ್ತಿಗೆ ನಾನು ಆಟ ಬಿಟ್ಟು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಕ್ಲಬ್ಬಿನ ಕಾರ್ಯದರ್ಶಿಯೂ ಆಗಿದ್ದೆ. ಹುಡುಗಿಯರನ್ನು ಬೇರೆ ಊರಿನ ಪಂದ್ಯಕ್ಕೆ ಕರೆದೊಯ್ಯಬೇಕೆಂದರೆ ಬಸ್ಸಿಗೆ, ಊಟಕ್ಕೆ ಮನೆಮನೆ ತಿರುಗಿ ಪಟ್ಟಿ ಎತ್ತಿ ಹಣ ಕೂಡಿಸಬೇಕಿತ್ತು. ನನಗೆ ಅದು ಸಾಕಾಗಿತ್ತು. ನನ್ನ ತಮ್ಮ ಅಮರ ಕಂಪ್ಯೂಟರ್ ಕಲಿತವನು. ಅವನೇ ದಾರಿ ತೋರಿಸಿದ. ಕ್ಲಬ್ಬಿನ ಹೆಸರಲ್ಲಿ ಒಂದು ವೆಬ್ ಪುಟ, ಅದರಲ್ಲಿ ಒಂದು ಆನ್‌ಲೈನ್ ಅಂಗಡಿಯ ಲಿಂಕ್. ಆ ಲಿಂಕ್ ಒತ್ತಿ ಯಾರು ಏನು ಕೊಂಡರೂ ಅಂಗಡಿಯವರು ಕ್ಲಬ್ಬಿಗೆ ಕಮಿಷನ್ ಕಳಿಸುತ್ತಾರೆ, ಕೊಂಡವರಿಗೆ ಒಂದು ರೂಪಾಯಿಯೂ ಹೆಚ್ಚು ಬೀಳುವುದಿಲ್ಲ.

ದೀಪಾವಳಿಗೆ ಮಿಕ್ಸರು, ಇಸ್ತ್ರಿಪೆಟ್ಟಿಗೆ, ಮೊಬೈಲು ಎಂದು ಜನ ತರಿಸಿಕೊಂಡರು. ಕಂಪ್ಯೂಟರ್ ಇಲ್ಲದವರು ನನಗೆ ಫೋನ್ ಮಾಡುತ್ತಿದ್ದರು, ನಾನೇ ಆರ್ಡರ್ ಹಾಕುತ್ತಿದ್ದೆ. ಮೊದಲ ಚೆಕ್ ಬಂದಾಗ ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿ, “ಇನ್ನ ಯಾರ ಮನಿ ಬಾಗಲಾ ಬಡಿಯೂದು ಬ್ಯಾಡ ನೋಡವ್ವಾ,” ಎಂದು ನಕ್ಕರು.

ಮರುವರ್ಷದ ಮೇ ತಿಂಗಳ ಕೊನೆಗೆ ಒಂದು ದಿನ, ಅಭ್ಯಾಸ ಮುಗಿದ ಮೇಲೆ ಕಾಕಾ ನನ್ನನ್ನು ಬದಿಗೆ ಕರೆದರು. ಟೋಪಿ ತೆಗೆದು ಕೈಯಲ್ಲಿ ತಿರುವುತ್ತಾ ನಿಂತರು.

“ರೇಣು, ಒಂದ ಮಾತು. ಸಾಲಿ ಸುರು ಆಗ್ತಾವ. ಈ ಜೂನ್ ಒಂದ ತಿಂಗಳು, ಬೂಟು ದಫ್ತರ ಬಿಟ್ಟು ಉಳದದ್ದು ಆ ಲಿಂಕ್‌ನಾಗ ತರಿಸ್ರಿ ಅಂತ ಮಂದಿಗೆ ಹೇಳಾಕ ಬರ್ತದೇನವ್ವಾ?”

ಅವರ ಅಂಗಡಿ ನಡೆಯುತ್ತಿದ್ದುದೇ ಜೂನ್ ವ್ಯಾಪಾರದ ಮೇಲೆ. ನಮ್ಮ ಕನ್ನಡದ ಮನೆಗಳವರೆಲ್ಲ ಮಕ್ಕಳ ಕೈ ಹಿಡಿದುಕೊಂಡು ಅಲ್ಲಿಗೇ ಹೋಗುತ್ತಿದ್ದರು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ತಿಂಗಳು ಹಿಂದಿನದಕ್ಕಿಂತ ದೊಡ್ಡ ಚೆಕ್ ಬರಬೇಕೆಂದು ನಾನು ಹಟ ಹಿಡಿದಿದ್ದೆ. ಸಾಂಗಲಿಯಲ್ಲಿ ಪಂದ್ಯವಿತ್ತು.

“ಕಾಕಾ, ಇದೆಲ್ಲಾ ಕ್ಲಬ್‌ಗೇ ಅಲ್ಲೇನ್ರಿ? ಒಬ್ಬರ ಸಲುವಾಗಿ ಹಂಗ ಬಿಟ್ರ ನಾಳೆ ಎಲ್ಲಾರೂ ಕೇಳ್ತಾರ್ರಿ,” ಎಂದೆ.

ಒಬ್ಬರ ಸಲುವಾಗಿ. ಆ ಮಾತು ಬಾಯಿಂದ ಹೊರಟಾಗ ನನಗೆ ಏನೂ ಅನ್ನಿಸಲಿಲ್ಲ.

“ಹೌದವ್ವಾ, ಖರೇ ಅದ. ನೀ ಹೇಳೂದೂ ಖರೇನ ಅದ,” ಎಂದು ಅವರು ಟೋಪಿ ಹಾಕಿಕೊಂಡರು. ಮತ್ತೆ ಆ ವಿಷಯ ಎತ್ತಲಿಲ್ಲ.

ಜೂನ್‌ನಲ್ಲಿ ನಾನು ನನ್ನ ಕೈಯಾರೆ ನಲವತ್ತಕ್ಕೂ ಹೆಚ್ಚು ಜೊತೆ ಬೂಟು ಆರ್ಡರ್ ಹಾಕಿದೆ. ಚೆಕ್ ಬಂದ ಮೇಲೆ ಸಾಂಗಲಿಗೆ ಒಳ್ಳೆಯ ಬಸ್ಸಿನಲ್ಲಿ ಹೋದೆವು. ಹುಡುಗಿಯರು ಎರಡನೆಯ ಸ್ಥಾನ ಗೆದ್ದರು. ಕಾಕಾ ಪಂದ್ಯದುದ್ದಕ್ಕೂ ಗೆರೆಯ ಪಕ್ಕದಲ್ಲೇ ನಿಂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು.

ಶ್ರಾವಣದಲ್ಲಿ ಅರಿಶಿನ ಕುಂಕುಮಕ್ಕೆಂದು ಅವರ ಮನೆಗೆ ಹೋದೆ. ಪಡಸಾಲೆಯ ಗೋಡೆಗುಂಟ ಬೂಟಿನ ಡಬ್ಬಿಗಳನ್ನು ಸೂರಿನ ತನಕ ಒಟ್ಟಿದ್ದರು. ದೇವರ ಜಗಲಿಗೆ ಹೋಗಲು ಅಡ್ಡ ತಿರುಗಿ ನಡೆಯಬೇಕಿತ್ತು. ಕಾಕಾ ಅವರ ಹೆಂಡತಿ ಶಿವಬಸವ್ವ ಕಾಕು ನನ್ನ ನೋಟ ಕಂಡು, “ಅಂಗಡಿ ಬಿಟ್ಟಕೊಟ್ರವಾ. ಅವರು ನಾಳಿಂದ ಮಾರ್ಕೆಟ್ ಯಾರ್ಡ್‌ನಾಗ ಬೆಲ್ಲದ ವ್ಯಾಪಾರಿ ಕಡೆ ಗುಮಾಸ್ತ ಕೆಲಸಕ್ಕ ಹೊಂಟಾರ. ನಸುಕಿನ್ಯಾಗ ಲಾರಿ ಬರ್ತಾವಂತ,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಹಣೆಗೆ ಕುಂಕುಮ ಹಚ್ಚಿ, ಉಡಿಯಲ್ಲಿ ತೆಂಗಿನಕಾಯಿ ಹಾಕಿದರು.

ನಸುಕಿನಲ್ಲಿ ಲಾರಿ ಬಂದರೆ ಬೆಳಗಿನ ಅಭ್ಯಾಸಕ್ಕೆ ಕಾಕಾ ಬರುವುದು ಹೇಗೆ? ಎರಡು ತಿಂಗಳು ನಾನೇ ಕಲಿಸಲು ನೋಡಿದೆ. ಕಚೇರಿಯ ಬಸ್ಸು ಹಿಡಿಯುವ ಅವಸರದಲ್ಲಿ ಅರ್ಧಕ್ಕೇ ಬಿಟ್ಟು ಓಡುತ್ತಿದ್ದೆ. ಒಬ್ಬೊಬ್ಬಳಾಗಿ ಹುಡುಗಿಯರು ಬರುವುದು ಬಿಟ್ಟರು. ಕಮಿಷನ್ ಮಾತ್ರ ತಪ್ಪದೆ ಬರುತ್ತಿತ್ತು.

ಒಂದು ಶನಿವಾರ ರಜೆ ಹಾಕಿ, ಸ್ವಾರಗೇಟದಲ್ಲಿ ಬಸ್ಸಿಳಿದು ಮಾರ್ಕೆಟ್ ಯಾರ್ಡ್‌ಗೆ ಹೋದೆ. ಕಾಕಾ ಬೆಲ್ಲದ ಪೆಂಟಿ, ದೊಡ್ಡ ಅಚ್ಚುಗಳ ನಡುವೆ ಕೂತು ಚೀಟಿ ಬರೆಯುತ್ತಿದ್ದರು. ಹಮಾಲರೊಂದಿಗೆ ಮರಾಠಿಯಲ್ಲಿ ಮಾತಾಡುತ್ತಿದ್ದವರು ನನ್ನನ್ನು ಕಂಡು, “ಬಾರವ್ವಾ, ಬಾ,” ಎಂದು ಗೋಣಿತಟ್ಟು ಜಾಡಿಸಿ ಕೂರಿಸಿದರು, ಚಹಾ ತರಿಸಿದರು.

“ಕಾಕಾ, ನಾ ಅವತ್ತ ಹಂಗ ಅನ್ನಬಾರದಿತ್ತು. ನನ್ನಿಂದ ನಿಮ್ಮ ಅಂಗಡಿ ಹೋತು.”

“ನಿನ್ನಿಂದ ಅಲ್ಲ ಬಿಡು. ಬಾಡಿಗಿ ಏರಿತ್ತು, ಬಾಜೂಕ ದೊಡ್ಡ ಅಂಗಡಿ ಬಂದಿತ್ತು. ಇವತ್ತಿಲ್ಲಾ ನಾಳೆ ಹೋಗೂದ ಇತ್ತು.” ಬರೆಯುತ್ತಿದ್ದ ಚೀಟಿಯನ್ನು ಬದಿಗಿಟ್ಟು, ದನಿ ತಗ್ಗಿಸಿ ಹೇಳಿದರು: “ಆದರ ನಾ ಕೇಳಬಾರದಿತ್ತವ್ವಾ. ಇಪ್ಪತ್ತ ವರ್ಷ ಕ್ಲಬ್ಬಿಗೆ ಏನೂ ಕೇಳಿದಾಂವಲ್ಲ. ಅವತ್ತ ನಿನ್ನ ಮುಂದ ಬಾಯಿ ಬಿಟ್ಟು ಕೇಳಿದೆ. ಭಾಳ ದಿನ ನಾಚಿಕಿ ಅನಿಸ್ತು ನನಗ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಹಾ ಕೈಯಲ್ಲೇ ಆರಿತು.

ಭಾನುವಾರ ಸಂಜೆಯಾದರೂ ಬಂದು ಕಲಿಸಿರೆಂದು ಕೇಳಿಕೊಂಡೆ. ಬಂದರು. ಖೋಖೋ ಸಾಲಿನಲ್ಲಿ ಎಂಟು ಜನ ಕೂಡಬೇಕು, ಅಟ್ಟಲು ಒಬ್ಬಳು, ಓಡಲು ಒಬ್ಬಳಾದರೂ ಬೇಕು; ಇದ್ದವರು ಐದೇ ಹುಡುಗಿಯರು. ನಾನೂ ನಾಲ್ವರು ತಾಯಂದಿರೂ ಸೀರೆ ಎತ್ತಿ ಸಿಕ್ಕಿಸಿ ಕೂತು ಲೆಕ್ಕ ತುಂಬಿಸಿದೆವು. ಕಾಕಾ ಸೀಟಿ ಊದಿದರು. ಮುಂದಿನ ಭಾನುವಾರ ಮೂವರು ಬಂದರು. ಅದರ ಮುಂದಿನ ವಾರ ಕಾಕಾ ಮತ್ತು ನಾನು ಇಬ್ಬರೇ ಮೈದಾನದ ಕಟ್ಟೆಯ ಮೇಲೆ ಏಳು ಗಂಟೆಯವರೆಗೆ ಕಾದೆವು. ಆಮೇಲೆ ಅವರು, ಖೋಖೋ ಸಾಲಿನ ಎರಡು ಕೊನೆಗೆ ವರ್ಷಗಳಿಂದ ಹುಗಿದಿದ್ದ ಕಂಬಗಳನ್ನು ಕೀಳಲು ಎದ್ದರು. ಕಿತ್ತ ಕಂಬದ ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ.