ಮಳೆಮಾಪಕಕ್ಕೆ ಒಂದು ಬಟ್ಟಲು ನೀರು

1868ರ ಜುಲೈ 20, ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆಯ ಹೊತ್ತು. ನೆದರ್‌ಕೂಂಬ್ ಚರ್ಚಿನ ಗಡಿಯಾರ ಎರಡು ನಿಮಿಷ ಹಿಂದೆ ಓಡುತ್ತದೆಂದು ಪಾದ್ರಿಯ ಮಗಳು ಡಾರ್ಕಸ್ ಪೆಲ್‌ಗೆ ಗೊತ್ತಿತ್ತು. ಅದು ಹೊಡೆಯುವ ಮೊದಲೇ ಪುಸ್ತಕವನ್ನೂ ಅಳತೆಯ ಗಾಜನ್ನೂ ಹಿಡಿದು ಮನೆಯ ಹಿಂದಿನ ಹುಲ್ಲಿಗೆ ಇಳಿದಳು. ಮಳೆಯಿಲ್ಲದೆ ಹುಲ್ಲು ಸುಟ್ಟು ಕಾಲಡಿ ಚರಚರ ಎನ್ನುತ್ತಿತ್ತು.

ಅದರ ನಡುವೆ ಮಳೆಮಾಪಕ: ಎಂಟು ಇಂಚು ಬಾಯಿಯ ತಾಮ್ರದ ಆಲಿಕೆ, ಕೆಳಗೊಂದು ಸೀಸೆ. ನೆಟ್ಟವನು ಕಿರಿಯ ಪಾದ್ರಿ ಕಾಲ್ಡರ್. ಇಲ್ಲಿದ್ದದ್ದು ಹದಿನಾಲ್ಕು ತಿಂಗಳು. ಉತ್ತರದ ಊರಿಗೆ ಹೋಗಿ ಎರಡು ವರ್ಷ.

"ಮಳೆ ಬರದ ದಿನಾನೂ ಸೊನ್ನೆ ಬರೀಬೇಕು, ಮಿಸ್ ಪೆಲ್," ಎಂದು ಅವನು ಕಲಿಸಿದ್ದ. "ಖಾಲಿ ಬಿಟ್ರೆ ನೀವು ನೋಡ್ಲೇ ಇಲ್ಲ ಅಂತಾಗತ್ತೆ. ಸೊನ್ನೆ ಅಂದ್ರೆ, ನೋಡಿದ್ರಿ, ಬರ್ಲಿಲ್ಲ ಅಂತ."

ಏಳು ಊರುಗಳ ಅಂಕಿ ಅವನ ಬಳಿ ಸೇರುತ್ತಿತ್ತು. ಅವಳು ಪ್ರತಿ ಶನಿವಾರ ಕಳಿಸುವಳು. 'ತಲುಪಿತು, ವಂದನೆ' ಎಂದು ಅವನ ಉತ್ತರ. ಆ ಎರಡು ಪದಗಳು ಯಾವ ವಾರ ಎಷ್ಟು ಓರೆಯಾಗಿವೆ ಎಂಬುದನ್ನೂ ಅವಳು ಗಮನಿಸುತ್ತಿದ್ದಳು.

ಮೊನ್ನೆ ಬಂದದ್ದು ಮಾತ್ರ ಇಡೀ ಪುಟ. ಜುಲೈ ಆರರಂದು ನೆಲ ಒಣಗಿದ್ದರೂ ಸೀಸೆಯಲ್ಲಿ ನೀರಿತ್ತು. ಇದ್ದದ್ದನ್ನು ಇದ್ದಂತೆ 0.25 ಇಂಚು ಎಂದು ಅವಳು ಬರೆದಿದ್ದಳು. ಉಳಿದ ಆರು ಊರುಗಳಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. 'ಇನ್ನೊಮ್ಮೆ ಹೀಗಾದರೆ ತಿಳಿಸಿ, ನಾನೇ ಬಂದು ಮಾಪಕ ನೋಡುತ್ತೇನೆ' ಎಂದು ಪತ್ರ ಮುಗಿದಿತ್ತು. ಆ ಸಾಲು ಅವಳಿಗೆ ಬಾಯಿಪಾಠವಾಗಿತ್ತು.

ಇಂದು ಆಲಿಕೆಯ ಮೇಲೆ ಜೇಬೆಜ್ ಟಕ್ ಬಗ್ಗಿದ್ದ, ಕೈಯಲ್ಲಿ ನೀರಿನ ಜಗ್ಗು. ನಲವತ್ತು ವರ್ಷದಿಂದ ಚರ್ಚಿನ ಗಂಟೆ ಬಾರಿಸಿ, ಗೋರಿ ತೋಡುತ್ತ ಬಂದ ಮುದುಕ.

"ಏನ್ ಮಾಡ್ತಿದ್ದೀ, ಜೇಬೆಜ್?"

"ಇದಕ್ಕೆ ಒಂಚೂರು ಕುಡಿಸೋಣ ಅಂತ, ಅಮ್ಮಾವ್ರೆ. ನಮ್ಮ ಬೀದಿ ಪಂಪು ಒಣಗಿ ಕೂತ್ರೆ ಎಷ್ಟು ಹೊಡೆದ್ರೂ ಬರೀ ಗೊರಗೊರ. ಮೇಲಿಂದ ಒಂದ್ ಬಟ್ಲು ಹುಯ್ದ್ರೆ ತಾನೆ ಕೆಳಗಿನ ನೀರು ಎದ್ದು ಬರೋದು? ಮಳೆ ತರೋ ಯಂತ್ರಕ್ಕೂ ಅಷ್ಟೇ ಅಲ್ವಾ?"

"ಇದು ಮಳೆ ತರೋದಲ್ಲಪ್ಪ, ಅಳೆಯೋದು."

"ಅಳೆಯೋಕೆ ಯಂತ್ರ ಯಾಕೆ? ನನ್ನ ಟೋಪಿ ಸಾಲ್ದಾ?"

"ಮೊದಲೂ ಹಾಕಿದ್ಯಾ?"

"ನಿಮ್ಮ ತಂದೆಯವ್ರು ಮಳೆಗೆ ಪ್ರಾರ್ಥನೆ ಓದಿದ್ರಲ್ಲ, ಈ ತಿಂಗಳ ಮೊದಲ್ನೇ ಭಾನುವಾರ. ಒಂದೇ ಬಟ್ಲು. ಬರೀ ಪ್ರಾರ್ಥನೆ ನೆಚ್ಕೊಂಡ್ ಕೂತ್ರೆ ಆಗತ್ತಾ? ಅವ್ರಿಗೆ ಹೇಳ್ಬೇಡಿ ಮತ್ತೆ." ಅವನು ಜಗ್ಗು ಎತ್ತಿದ. "ಇವತ್ತಿನ್ನೂ ಹಾಕಿಲ್ಲ. ಹಾಕ್ಲಾ?"

ಡಾರ್ಕಸ್ ಜಗ್ಗಿನೊಳಗೆ ನೋಡಿದಳು. ಒಂದು ಬಟ್ಟಲು ನೀರು ಸಾಕು; ಮುಂದಿನ ವಾರ ಕಾಲ್ಡರ್ ಇದೇ ಹುಲ್ಲಿನಲ್ಲಿ ಮೊಣಕಾಲೂರಿರುತ್ತಾನೆ. ಜೇಬೆಜ್ ಬಾಯಿ ಬಿಡುವವನಲ್ಲ. ಸೀಸೆಯಲ್ಲಿದ್ದುದನ್ನೇ ಬರೆದರೆ ಅವಳು ಬರೆದದ್ದು ಸುಳ್ಳೂ ಆಗದು.

"ಇಲ್ಲಿ ಕೊಡು," ಎಂದಳು.

ಜಗ್ಗನ್ನು ಆಲಿಕೆಯ ಮೇಲೆ ಹಿಡಿದಳು. ತಾಮ್ರದ ಅಂಚಿನಲ್ಲಿ ಒಂದು ತಗ್ಗಿತ್ತು. ನೆಟ್ಟ ದಿನ ಕಾಲ್ಡರನ ಗುದ್ದಲಿ ತಾಗಿ ಆದದ್ದು. "ಈಗ ಅಳತೆ ಎಷ್ಟು ತಪ್ಪತ್ತೋ" ಎಂದು ಅವನು ಅದರ ಮೇಲೆ ಹೆಬ್ಬೆರಳು ಆಡಿಸುತ್ತ ಅರ್ಧ ಗಂಟೆ ಪೇಚಾಡಿದ್ದ. ಅವಳೂ ಅಲ್ಲಿ ಹೆಬ್ಬೆರಳಿಟ್ಟಳು. ತಾಮ್ರ ಬಿಸಿಲಿಗೆ ಆಗಲೇ ಕಾದಿತ್ತು.

"ತಗೋ. ನಿನ್ನ ಬೀನ್ಸ್ ಗಿಡಕ್ಕೆ ಹಾಕು."

"ಹಾಗಾದ್ರೆ ಮಳೆ?"

"ಬಂದಾಗ ಬರತ್ತೆ."

ಜೇಬೆಜ್ ಗೊಣಗುತ್ತ ಹೋದ. ಡಾರ್ಕಸ್ ಪುಸ್ತಕದಲ್ಲಿ ಜುಲೈ ಆರನೆಯ ಸಾಲಿನ 0.25ನ್ನು ಒಂದೇ ಗೆರೆಯಿಂದ ಹೊಡೆದು ಹಾಕಿದಳು. ಪಕ್ಕದಲ್ಲಿ, ಶನಿವಾರ ಕಳಿಸಬೇಕಾದ ಮಾತನ್ನೇ ಬರೆದಳು: 'ಕೈಯಿಂದ ಹಾಕಿದ ನೀರು. ಮಾಪಕ ಸರಿಯಾಗಿದೆ, ನೋಡಲು ಬರಬೇಕಾಗಿಲ್ಲ.' ಆಮೇಲೆ ಸೀಸೆಯನ್ನು ಗಾಜಿಗೆ ಬಗ್ಗಿಸಿದಳು. ಏನೂ ಇಳಿಯಲಿಲ್ಲ. ಆದರೂ ಅವನು ಹೇಳಿಕೊಟ್ಟಂತೆ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಗಡಿಯಾರ ಒಂಬತ್ತು ಹೊಡೆದು ಮುಗಿಸುವ ತನಕ ನೋಡಿದಳು. ಬರೆದಳು:

ಜುಲೈ 20. ಮಳೆ 0.00 ಇಂಚು.