ದೊಡ್ಡಕ್ಕನ ಗಂಟಲು

"ತಲೆ ಕಡೆಯವರು ಮೇಲೆತ್ತಿ, ಕಾಲು ಕಡೆಯವರು ಗೋಡೆಗೆ ಒತ್ಕೊಳ್ಳಿ. ಹಾಗಲ್ಲ, ಎಡಕ್ಕೆ, ಎಡಕ್ಕೆ!"

ಎರಡನೆಯ ಮಹಡಿಯ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಹೊತ್ತ ನಾಲ್ವರೂ ಬೆವರುತ್ತಿದ್ದರು. ನಾಲ್ಕು ಮೆಟ್ಟಿಲು ಮೇಲೆ ನಿಂತು ದಾರಿ ಹೇಳುತ್ತಿದ್ದವಳು ಸತ್ತವನ ಹೆಂಡತಿ. ಕಟ್ಟಡಕ್ಕೆ ಲಿಫ್ಟು ಇತ್ತು, ಚೆನ್ನಾಗಿಯೇ ಓಡುತ್ತಿತ್ತು. ಆದರೆ ಮಲಗಿದ ಮನುಷ್ಯ ಅದರಲ್ಲಿ ಹಿಡಿಸುವುದಿಲ್ಲ. ಮೂವತ್ತು ವರ್ಷ ಊರವರ ಲಿಫ್ಟು ರಿಪೇರಿ ಮಾಡಿದವನು ತನ್ನ ಮನೆಗೆ ಮೆಟ್ಟಿಲ ಮೇಲೆ ಬರಬೇಕಾಯಿತು.

"ಇವತ್ತಾದ್ರೂ ಬಾಯಿ ಮುಚ್ಕೊಂಡು ಇರೋಕೆ ಆಗಲ್ವಾ ಈಕೆಗೆ," ಎಂದು ಕೆಳಗಿನಿಂದ ಭಾವ ಗೊಣಗಿದ್ದು ಅವಳಿಗೆ ಕೇಳಿಸಿತು. ಗಂಡನ ಅಣ್ಣ. ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಹೇಳಿಕೊಟ್ಟು ನಿವೃತ್ತನಾದವನು, ಗೊಣಗಿದರೂ ಮೈದಾನದಾಚೆಗೆ ಕೇಳುವ ಗಂಟಲು. ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳ ಸೊಂಟ ಹೋಗಿತ್ತು. ಮೊನ್ನೆ ಸಂಜೆ ಕೆಲಸದಿಂದ ಬಂದವನು ಒಂದು ಬೂಟು ಬಿಚ್ಚಿ, ಇನ್ನೊಂದರ ದಾರ ಹಿಡಿದುಕೊಂಡೇ ಗೋಡೆಗೆ ಒರಗಿದ್ದ. ಆಗಲೂ ಅವಳು ಏನೋ ಹೇಳುತ್ತಲೇ ಇದ್ದಳು. ಸುಸ್ತಾಗಿದೆ ಅಂದುಕೊಂಡು ಇನ್ನೂ ಎರಡು ಮಾತು ಜಾಸ್ತಿಯೇ ಹೇಳಿದ್ದಳು.

ಮೂರನೆಯ ಮಹಡಿಯ ಕೋಣೆಯಲ್ಲಿ ಮೇಜು ನಡುವಿಗೆ ಸರಿಸಿ ಅದರ ಮೇಲೆ ಅವನನ್ನು ಮಲಗಿಸಿದರು. ವ್ಯಾನು ಮೂರು ಗಂಟೆಗೆ ಎಂದಾಯಿತು. ಹೊರಡುವ ಮೊದಲು ಯಾರಾದರೂ ಅವನ ಬಗ್ಗೆ ನಾಲ್ಕು ಮಾತಾಡಬೇಕಲ್ಲ, ಅದು ಯಾರೆಂಬ ಪ್ರಶ್ನೆ ಎದ್ದಿತು.

"ನಾನೇ ಹೇಳ್ತೀನಿ ಬಿಡಿ," ಎಂದ ಭಾವ. ಸ್ವಲ್ಪ ಯೋಚಿಸಿ, "ಒಳ್ಳೇವ್ನು. ಮಾತು ಕಡಿಮೆ," ಎಂದ. ಮತ್ತೂ ಯೋಚಿಸಿದ. ಅಷ್ಟಕ್ಕೇ ಸರಕು ಮುಗಿದಿತ್ತು.

ಅವಳು ಹೊಲಿಗೆ ಮೆಷಿನ್ನಿನ ಮುಂದಿನ ಸ್ಟೂಲಿನಲ್ಲಿ ಕೂತಳು. ಅಳು ಬರುತ್ತಿರಲಿಲ್ಲ, ಸಿಟ್ಟು ಮಾತ್ರ ಬರುತ್ತಿತ್ತು. ಹತ್ತು ಮಹಡಿಯ ಕಟ್ಟಡದ ಬುಡದಲ್ಲಿ ನಿಂತು, ಕಣ್ಣು ಮುಚ್ಚಿ, ಯಾವ ಮಹಡಿಯ ಬಾಗಿಲು ಉಜ್ಜುತ್ತಿದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದ ಈ ಮನುಷ್ಯನಿಗೆ ಹೆಂಡತಿ ಇಷ್ಟು ವರ್ಷ ಆಡಿದ್ದರಲ್ಲಿ ಒಂದು ಮಾತಾದರೂ ಕೇಳಿಸಿತ್ತೋ ಇಲ್ಲವೋ. ಕೇಳಿದಾಗೆಲ್ಲ "ಹ್ಞೂಂ" ಅಂದಿದ್ದ. ಇನ್ನು ಆ ಹ್ಞೂಂ ಕೂಡ ಇಲ್ಲ. ಅದೊಂದು ತಿಳಿದಿದ್ದರೆ ಸಾಕಿತ್ತು, ಬೇರೇನೂ ಅವಳಿಗೆ ಬೇಕಿರಲಿಲ್ಲ.

* * *

ಕೋಣೆಯ ಮೂಲೆಯಲ್ಲಿ ಅವನ ಕಂಪ್ಯೂಟರು, ಅದರ ಎಡಕ್ಕೆ ಒಂದು ಮೊಳ ಬಿಟ್ಟು ಅವಳ ಮೆಷಿನ್ನು. ಸಂಜೆ ಊಟವಾದ ಮೇಲೆ ಅವನು ದಪ್ಪ ಹೆಡ್‌ಫೋನು ಎರಡೂ ಕಿವಿಗೆ ಮುಚ್ಚಿಕೊಂಡು ಆಟಕ್ಕೆ ಕೂತರೆ ಎರಡು ತಾಸು ಏಳುತ್ತಿರಲಿಲ್ಲ. ಅವಳು ಗಿರಾಕಿಗಳ ಪ್ಯಾಂಟು ಮೋಟು ಮಾಡುತ್ತಾ, ಕಾಲರು ತಿರುಗಿಸುತ್ತಾ ಮಾತಾಡುತ್ತಿದ್ದಳು. ಗಿರಾಕಿಗಳ ಬಗ್ಗೆ, ಸೊಂಟ ನೋವಿನ ಬಗ್ಗೆ, ಬೆಲ್ಲು ಒತ್ತದೆ ಬಾಗಿಲು ಬಡಿಯುವವರ ಬಗ್ಗೆ. ಗೋಡೆಗಾದರೆ ಕಿವಿ ಇರುತ್ತದಂತೆ. ಇವನಿಗೆ ಅದೂ ಮುಚ್ಚಿತ್ತು.

ಒಂದು ಸಂಜೆ ದಾರ ಕಚ್ಚಿ ತುಂಡರಿಸುವಾಗ ಪರದೆಯ ಕಡೆ ಕಣ್ಣು ಹೋಯಿತು. ಬಿಳಿ ಕೂದಲಿನ, ಉದ್ದನೆಯ ಕೋಟಿನ ಹೆಂಗಸೊಬ್ಬಳು ಕೈಯಲ್ಲಿ ಕೋಲು ಹಿಡಿದು ಗಾಯಗೊಂಡವರ ನಡುವೆ ಓಡಾಡುತ್ತಿದ್ದಳು.

ಅವಳು ಅವನ ಭುಜ ತಟ್ಟಿದಳು. "ರೀ, ಯಾರಿದು?"

ಹೆಡ್‌ಫೋನು ತೆಗೆದು, "ನಾನೇ," ಎಂದ.

"ನೀವು ಹೆಂಗಸಾ?"

"ಆಟದಲ್ಲಿ. ಏಟು ತಿಂದವ್ರಿಗೆ ವಾಸಿ ಮಾಡೋದು ಕೆಲ್ಸ."

"ಅಲ್ಲಿ ಗಂಡಸರೇ ಇಲ್ವಾ ಆರಿಸ್ಕೊಳ್ಳೋಕೆ?"

"ಮೊದ್ಲು ಗಂಡಸೇ ಆಗಿದ್ದೆ. ಅಲ್ಲಿ ಬರೆದೇ ಮಾತಾಡೋದಾದ್ರೂ ಯಾರ ಹತ್ರಾನೂ ಮಾತಾಡೋಕೆ ಬರ್ಲಿಲ್ಲ. ಹೀಗಾದ್ರೆ ಮಾತು ಬರತ್ತೆ."

"ಚೆನ್ನಾಗಿದೆ ಕಣ್ರೀ! ಮನೇಲಿ ಒಬ್ಳು ವಟಗುಟ್ಟೋದು ಸಾಲ್ದೂಂತ ಅಲ್ಲೊಬ್ಳಾ?"

ಅವನು ನಕ್ಕು ಹೆಡ್‌ಫೋನು ಹಾಕಿಕೊಂಡ. ಅವಳು ಅದನ್ನು ಮರೆತೂ ಬಿಟ್ಟಳು.

* * *

ಒಂದು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಇಬ್ಬರು ಅಪರಿಚಿತರು ನಿಂತಿದ್ದರು. ಬಾಗಿಲ ಚೌಕಟ್ಟು ತುಂಬುವಷ್ಟು ಗಾತ್ರದ ಒಬ್ಬ ಗಂಡಸು, ಲಾರಿ ಡ್ರೈವರ್ ಎಂದು ಆಮೇಲೆ ತಿಳಿಯಿತು. ಜೊತೆಗೆ ಔಷಧಿ ಅಂಗಡಿಯ ಬಿಳಿ ಕೋಟು ಬಿಚ್ಚಲೂ ಮರೆತು ಬಂದಿದ್ದ ಹುಡುಗಿ. ಇಬ್ಬರ ಕಣ್ಣೂ ಊದಿತ್ತು.

"ದೊಡ್ಡಕ್ಕನ ಮನೆ ಇದೇನಾ?" ಎಂದ ಡ್ರೈವರ್.

"ಯಾವ ದೊಡ್ಡಕ್ಕ? ಇಲ್ಲಿ ಸತ್ತಿರೋನು ನನ್ನ ತಮ್ಮ," ಎಂದ ಭಾವ.

ಇಬ್ಬರೂ ಒಳಗೆ ಇಣುಕಿದರು. ಮೇಜಿನ ಮೇಲೆ ಮೀಸೆಯ ಮನುಷ್ಯ ಮಲಗಿದ್ದ. ವಿಳಾಸದ ಚೀಟಿ ನೋಡಿಕೊಂಡರು, ಬಾಗಿಲ ನಂಬರು ನೋಡಿದರು. ಹುಡುಗಿ ಅಲ್ಲೇ ನಿಂತು ಬಿಕ್ಕತೊಡಗಿದಳು.

ಸತ್ತವನ ಹೆಂಡತಿಗೆ ನೋಡಲಾಗಲಿಲ್ಲ. ಸ್ಟೂಲಿನಿಂದಲೇ, "ಯಾರಾದ್ರೂ ಆಗ್ಲಿ, ಒಳಗೆ ಬಾಮ್ಮ. ನಿಂತ್ಕೊಂಡು ಅತ್ರೂ ಕಣ್ಣೀರು ಅಷ್ಟೇ, ಕೂತ್ಕೊಂಡು ಅತ್ರೂ ಅಷ್ಟೇ. ಕಾಲಿಗಾದ್ರೂ ಸುಖ," ಎಂದಳು.

ಹುಡುಗಿಯ ಅಳು ಅರ್ಧಕ್ಕೇ ನಿಂತಿತು. ಡ್ರೈವರ್ ತಿರುಗಿ ನೋಡಿದ.

"ಅಕ್ಕಾ!" ಎಂದು ಹುಡುಗಿ ಓಡಿ ಬಂದು ಅವಳನ್ನು ತಬ್ಬಿಕೊಂಡಳು. "ಇದು ನಮ್ಮಕ್ಕನದೇ ಮಾತು! ಅಕ್ಕಾ, ನೀವಿದೀರಾ! ಹೋಗ್ಬಿಟ್ರಿ ಅಂತ ಆಟದಲ್ಲಿ ಹಾಕಿದ್ರಲ್ಲ!"

"ಹೋದವರು ಯಜಮಾನ್ರಾ? ನೀವಲ್ವಾ?" ಡ್ರೈವರ್ ಒರೆಸಿಕೊಂಡಷ್ಟೂ ಕಣ್ಣು ತುಂಬುತ್ತಿತ್ತು, ಬಾಯಿ ಮಾತ್ರ ಕಿವಿತನಕ ನಗುತ್ತಿತ್ತು. "ಸದ್ಯ! ಸದ್ಯ ಅಕ್ಕ!"

ಸಾವಿನ ಮನೆಯಲ್ಲಿ ಕೇಳಿಬಂದ ಆ "ಸದ್ಯ"ಕ್ಕೆ ಕುರ್ಚಿಗಳಲ್ಲಿದ್ದವರು ದಂಗಾದರು. ಭಾವನ ಮುಖ ಕೆಂಪೇರಿತು. ಅವಳಿಗೋ, ಹುಡುಗಿಯ ಔಷಧಿ ವಾಸನೆಯ ಕೋಟಿನಲ್ಲಿ ಮುಖ ಹುದುಗಿದ್ದಾಗ, ಎರಡು ದಿನದಲ್ಲಿ ತನ್ನನ್ನು ಮೊದಲು ಮುಟ್ಟಿದವಳು ಇವಳೇ ಅನ್ನಿಸಿತು. ಆದರೂ ಬಿಡಿಸಿಕೊಂಡು, "ನಾನು ಯಾರ ಅಕ್ಕಾನೂ ಅಲ್ಲಮ್ಮ," ಎಂದಳು.

ಆಗ ಮೂಲೆಯಿಂದ ಗಡ್ಡದವನೊಬ್ಬ ಎದ್ದು ಬಂದ. ಇಪ್ಪತ್ತು ವರ್ಷ ಸತ್ತವನ ಜೊತೆ ಒಂದೇ ಹಗ್ಗಕ್ಕೆ ಜೋತು ಕೆಲಸ ಮಾಡಿದವನು.

"ತಪ್ಪು ನಂದು. ಅವನ ಟೂಲ್ ಬಾಕ್ಸಲ್ಲಿ ಚೀಟಿ ಇಟ್ಟಿದ್ದ, ನನಗೇನಾದ್ರೂ ಆದ್ರೆ ಆಟದವ್ರಿಗೆ ತಿಳಿಸು, ದೊಡ್ಡಕ್ಕ ಹೋದಳು ಅಂತ ಹಾಕು ಅಂತ. ಬರೆದಿದ್ದ ಹಾಗೇ ಬೆಳಿಗ್ಗೆ ಇಲ್ಲೇ ಕೂತು ಹಾಕ್ದೆ, ವಿಳಾಸನೂ ಕೊಟ್ಟೆ." ಮೇಜಿನ ಕಡೆ ಕೈ ತೋರಿಸಿದ. "ದೊಡ್ಡಕ್ಕ ಅಂದ್ರೆ ಇವನೇ."

ಡ್ರೈವರ್ ಮೇಜಿನ ಹತ್ತಿರ ಹೋಗಿ ಆ ಮೀಸೆಯನ್ನೇ ನೋಡುತ್ತಾ ನಿಂತ.

"ನಾಲ್ಕು ವರ್ಷ," ಎಂದ. "ಹೆಂಡ್ತಿ ಬಿಟ್ಟು ಹೋಗಿದ್ದು, ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತಿದ್ದು, ಎಲ್ಲಾ ಹೇಳ್ಕೊಂಡಿದೀನಿ. ಹೆಂಗಸು, ಅಕ್ಕನ ಥರ ಅಂತ. ಗಂಡಸು ಅಂತ ಗೊತ್ತಿದ್ರೆ ಒಂದಕ್ಷರ ಹೇಳ್ತಿರ್ಲಿಲ್ಲ." ಅವನ ದನಿಯಲ್ಲಿ ನೋವಿತ್ತು, ಮೋಸಹೋದವನ ನಾಚಿಕೆಯೂ ಇತ್ತು.

"ಹೆಣ್ಣು ವೇಷ ಹಾಕ್ಕೊಂಡು ಕೂತಿದ್ನಾ ಇವನು? ಈ ವಯಸ್ಸಲ್ಲಿ?" ಭಾವ ಕುರ್ಚಿಯಿಂದ ಎದ್ದ. "ಮಾನ ಹರಾಜಾಯ್ತು. ನೀವಿಬ್ರೂ ಹೊರಡಿ ಮೊದ್ಲು."

"ಕೂತ್ಕೊಳ್ಳಿ ಭಾವ," ಎಂದಳು ಅವಳು. ಕೂಗಿ ಹೇಳುವಷ್ಟು ಶಕ್ತಿ ಇರಲಿಲ್ಲ. ಆಮೇಲೆ ಡ್ರೈವರ್‌ನ ಕಡೆ ತಿರುಗಿ, "ಏನಂತಿದ್ಲು ನಿಮ್ಮ ಅಕ್ಕ?" ಎಂದು ಕೇಳಿದಳು.

ಅವನು ಮೂಗೊರೆಸಿಕೊಂಡ. "ಸಾಯ್ತೀನಿ ಅಂದಿದ್ದೆ ಒಂದಿನ. 'ಮೊದ್ಲು ಊಟ, ಆಮೇಲೆ ವೈರಾಗ್ಯ' ಅಂದ್ರು. ಉಂಡೆ. ನಿದ್ದೆ ಬಂತು."

ಅವಳು ಮೇಜಿನ ಕಡೆ ತಿರುಗಿದಳು. ಗಂಡ ಅನ್ನದ ತಟ್ಟೆಯೆದುರು ಸಪ್ಪಗೆ ಕೂತಾಗೆಲ್ಲ ಅವಳು ಬೈಯುತ್ತಿದ್ದ ಬೈಗುಳ ಅದು.

"ನನ್ನ ಮದುವೆ ಗೊತ್ತಾಗಿತ್ತು," ಎಂದಳು ಹುಡುಗಿ. "ಹುಡುಗ ಸರಿಯಿಲ್ಲಾಂತ ಗೊತ್ತಿದ್ರೂ ಬೇಡ ಅನ್ನೋಕೆ ನಾಚಿಕೆ. ಅಕ್ಕ ಹೇಳಿದ್ರು, 'ತಪ್ಪು ಹೊಲಿಗೆ ಬಿಚ್ಚೋಕೆ ನಾಚ್ಕೋಬೇಡ. ಬಿಚ್ಚಿದ್ರೆ ದಾರ ಹೋಗತ್ತೆ, ಬಿಟ್ರೆ ಬಟ್ಟೆನೇ ಹೋಗತ್ತೆ.'"

* * *

ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಪಕ್ಕದ ಬೀದಿಯ ವಕೀಲನ ಕೋಟು. ತೋಳನ್ನು ಅದಲು ಬದಲು ಕೂಡಿಸಿಬಿಟ್ಟಿದ್ದಳು, ಕಣ್ಣು ಮಂಜಾಗಿತ್ತು, ಬೆಳಿಗ್ಗೆಗೆ ಕೊಡಬೇಕಿತ್ತು. ಹೊಲಿಗೆ ಬಿಚ್ಚುತ್ತಾ ತನಗೆ ತಾನೇ ಧೈರ್ಯ ಹೇಳಿಕೊಂಡ ಮಾತದು. ಗಂಡ ಪರದೆಗೆ ಮುಖ ಮಾಡಿ, ಎರಡೂ ಕಿವಿ ಮುಚ್ಚಿಕೊಂಡು, ಕೀಲಿಮಣೆ ಕುಟ್ಟುತ್ತಿದ್ದ. "ಕೇಳಿಸ್ತೇನ್ರೀ?" ಎಂದು ಕೂಗಿದ್ದಳು. "ಹ್ಞೂಂ," ಎಂದಿದ್ದ.

* * *

"ಅವೆಲ್ಲ ನಾನು ಇಲ್ಲಿ ಕೂತು ಆಡಿದ ಮಾತುಗಳು," ಎಂದಳು ಅವಳು.

"ಎಲ್ಲೋ ಎರಡು ಮಾತು ಕಿವಿಗೆ ಬಿದ್ದಿರತ್ತೆ ಬಿಡು," ಎಂದ ಭಾವ. ದೊಡ್ಡ ಸಮಾಧಾನ ಹೇಳಿದ ಹಾಗಿತ್ತು ಅವನ ಮುಖ.

"ಇನ್ನೊಂದು ನೆನಪಾಯ್ತು," ಎಂದಳು ಹುಡುಗಿ, ಅಳುವಿನ ನಡುವೆ ನಗು ಬಂದು. "ಹೋದ ಚಳಿಗಾಲ ಒಂದು ವಾರ ಅಕ್ಕ ಮಾತೇ ಆಡ್ಲಿಲ್ಲ. ಬರೋರು, ವಾಸಿ ಮಾಡೋರು, ಹೋಗೋರು. ಯಾಕಕ್ಕ ಅಂದ್ರೆ 'ಗಂಟಲು ಕಟ್ಟಿದೆ' ಅಂತ ಬರೆದ್ರು. ಬೆರಳಲ್ಲಿ ಬರೆಯೋದಕ್ಕೆ ಗಂಟಲ್ಯಾಕೆ ಅಂತ ನಾವೆಲ್ಲ ಎಷ್ಟು ನಕ್ಕಿದ್ವಿ."

ಅವಳು ನಗಲಿಲ್ಲ. ಹೋದ ಚಳಿಗಾಲ ಗಂಟಲು ಕಟ್ಟಿ ಒಂದು ವಾರ ಅವಳ ದನಿಯೇ ಹೊರಟಿರಲಿಲ್ಲ. ಅವನು ದಿನಾ ಸಂಜೆ ಬಿಸಿನೀರು ಕಾಯಿಸಿ ತಂದು ಮೆಷಿನ್ನಿನ ಪಕ್ಕ ಇಡುತ್ತಿದ್ದ. ಬೇಗ ವಾಸಿಯಾಗು ಎಂದು ಕೂಡ ಅಂದಿರಲಿಲ್ಲ. ನನ್ನ ಬಾಯಿ ಮುಚ್ಚಿದ್ದು ಇವರಿಗೆ ಹಾಯಾಗಿದೆ ಅಂದುಕೊಂಡು ಅವಳು ಮನಸ್ಸಿನಲ್ಲೇ ಬೈದಿದ್ದಳು.

ಈಗ ಅಳು ಬಂತು. ಸದ್ದಿಲ್ಲದೆ, ನಿಲ್ಲದೆ ಬಂತು. ಹುಡುಗಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂತಳು.

ವ್ಯಾನಿನ ಹಾರ್ನು ಕೇಳಿದಾಗ ಭಾವ ಎದ್ದು ಗಂಟಲು ಸರಿಮಾಡಿಕೊಂಡ. ಅವಳು ಕೈಯೆತ್ತಿ ತಡೆದು, "ಇವರು ಹೇಳ್ಲಿ," ಎಂದು ಡ್ರೈವರ್‌ನನ್ನು ತೋರಿಸಿದಳು.

ಡ್ರೈವರ್ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಇವರ ಮುಖ ನಾನು ಇವತ್ತೇ ನೋಡಿದ್ದು. ಇವರು ಬೈದು ಬೈದೇ ನನ್ನ ಬದುಕಿಸಿದ್ರು," ಎಂದ. ಆಮೇಲೆ ಅವಳ ಕಡೆ ನೋಡಿ, "ಬೈಗುಳ ಯಾರ್ದು ಅಂತ ಈಗ ಗೊತ್ತಾಯ್ತು. ಸಿಟ್ಟು ಇನ್ನೂ ಇದೆ ನಂಗೆ, ಸುಳ್ಳು ಹೇಳಲ್ಲ. ಆದ್ರೂ ಹೆಗಲು ಕೊಡ್ತೀನಿ," ಎಂದು ಬಗ್ಗಿ ತಲೆಯ ಕಡೆ ಹಿಡಿದ.

ಎಲ್ಲರೂ ಸ್ಟ್ರೆಚರಿನ ಹಿಂದೆ ಮೆಟ್ಟಿಲಿಗೆ ಹೋದರು. ಶಾಲು ತೆಗೆದುಕೊಳ್ಳಲೆಂದು ಅವಳು ಒಬ್ಬಳೇ ಒಳಗೆ ಬಂದಳು. ಶಾಲು ಅವನ ಕುರ್ಚಿಯ ಬೆನ್ನ ಮೇಲಿತ್ತು. ಗಡ್ಡದವನು ಬೆಳಿಗ್ಗೆ ತೆರೆದ ಆಟ ಹಾಗೇ ಇತ್ತು. ಬಿಳಿ ಕೂದಲಿನ ಹೆಂಗಸು ಬಯಲಿನಲ್ಲಿ ಕೋಲೂರಿ ನಿಂತಿದ್ದಳು, ಅವಳ ಕೋಟು ಗಾಳಿಗೆ ಅಲುಗುತ್ತಿತ್ತು.

ಅವಳು ಆ ಕುರ್ಚಿಯಲ್ಲೇ ಕೂತಳು. ಹೆಡ್‌ಫೋನು ಎತ್ತಿ ತಲೆಗೆ ಸಿಕ್ಕಿಸಿಕೊಂಡಳು. ಬಲಗಿವಿಯಲ್ಲಿ ಆ ಬಯಲಿನ ಗಾಳಿ. ಎಡಗಿವಿಯಲ್ಲಿ ಗಾಳಿ ಇರಲಿಲ್ಲ. ಮೆಟ್ಟಿಲ ಮೇಲಿನ ಹೆಜ್ಜೆಗಳು, ಗಡ್ಡದವನ ಕೆಮ್ಮು, ಅಡುಗೆಮನೆಯ ನಲ್ಲಿಯ ತೊಟ್ಟು, ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿದ್ದವು.

ತೆಗೆದು ನೋಡಿದಳು. ಎಡಗಡೆಯ ಮೆತ್ತೆಯ ಹಿಂದೆ ಏನೂ ಇರಲಿಲ್ಲ. ಸ್ಪೀಕರು ಬಿಚ್ಚಿ ತೆಗೆದಿತ್ತು, ತಂತಿಯ ತುದಿಗೆ ನಾಜೂಕಾಗಿ ಟೇಪು ಸುತ್ತಿತ್ತು. ಖಾಲಿ ಚಿಪ್ಪಿಗೆ ಸಣ್ಣ ಡ್ರಿಲ್ಲಿನಿಂದ ಸಾಲಾಗಿ ತೂತು ಕೊರೆದು, ಅಂಚು ಚುಚ್ಚದಂತೆ ಉಜ್ಜಿತ್ತು. ಟೇಪು ಹಳೆಯದಾಗಿ ಹಳದಿಗಟ್ಟಿತ್ತು. ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಾದರೆ ಉತ್ತರ ಕೊಡಬೇಕಾಗುತ್ತದಲ್ಲ, ಅದಕ್ಕೇ ಕಿವಿ ಮುಚ್ಚಿದ ನಾಟಕ. ಕಳ್ಳ.

ಅವಳು ಅದನ್ನು ಮತ್ತೆ ಹಾಕಿಕೊಂಡಳು.

"ಎಡಕ್ಕೆ, ಎಡಕ್ಕೆ," ಎಂದು ಕೆಳಗೆ ಡ್ರೈವರ್ ಹೇಳುತ್ತಿದ್ದ. ಸ್ಟ್ರೆಚರ್ ಎರಡನೆಯ ಮಹಡಿಯ ತಿರುವು ದಾಟಿತು. ಸ್ವಲ್ಪ ಹೊತ್ತಿಗೆ ಭಾವನ ಗಂಟಲು ಮೆಟ್ಟಿಲ ಬುಡದಿಂದ ಮೇಲೆ ಬಂತು. "ಎಲ್ಲಿದೀಯಮ್ಮಾ ನೀನು? ಎಲ್ಲಾ ಕಾಯ್ತಿದಾರೆ. ಕೇಳಿಸ್ತಾ?"

ಅವಳು ಪರದೆಯ ಕಡೆ ಮುಖ ಮಾಡಿ ತುಟಿ ಪಿಟಕ್ಕೆನ್ನದೆ ಕೂತಿದ್ದಳು. ಎಡಕ್ಕೆ ಒಂದು ಮೊಳ ದೂರದಲ್ಲಿ ಮೆಷಿನ್ನಿನ ಮುಂದೆ ಸ್ಟೂಲು ಖಾಲಿ ಇತ್ತು.

"ಕೇಳಿಸ್ತಾ ಅಂದೆ!"

"ಹ್ಞೂಂ," ಎಂದಳು.