ಗ್ಯಾರಂಟಿ ಸೋಮವಾರದವರೆಗೆ

ಯಾರದೋ ತೆಂಗಿನಕಾಯಿ ಬಸ್ಸಿನ ಸೀಟಿನಡಿ ಉರುಳಾಡುತ್ತಿದೆ, ತಿರುವು ಬಂದಾಗ ನನ್ನ ಕಾಲಿಗೆ ಬಡಿದು ಮತ್ತೆ ಡ್ರೈವರನ ಕಡೆಗೆ ಹೊರಡುತ್ತದೆ, ಎತ್ತಿಟ್ಟುಕೊಳ್ಳಬಾರದೇ ಯಾರಾದರೂ, ನನ್ನ ಕೈಯಂತೂ ಖಾಲಿ ಇಲ್ಲ, ತೊಡೆಯ ಮೇಲೆ ಟೇಪ್ ರೆಕಾರ್ಡರಿನ ಡಬ್ಬಿ, ಈ ವರ್ಷದ ಮೂರನೆಯದು — ಮದುವೆಯಲ್ಲಿ ಅಪ್ಪ ಅಳಿಯನಿಗೆಂದು ಕೊಟ್ಟಿದ್ದು ಒಂದು, ಅದು ಕೆಟ್ಟು ಆಳಂದದ ಅಂಗಡಿಯವರು ಬದಲಿಸಿ ಕೊಟ್ಟಿದ್ದು ಇನ್ನೊಂದು, ಅದು ಎರಡು ಸಲ ರಿಪೇರಿಯಾಗಿಯೂ ಬಾಯಿ ಬಿಡದೆ ಹೋದ ಮೇಲೆ ಇದು — ಅಫಜಲಪುರದಲ್ಲಿ ಹತ್ತುವಾಗಲೇ ಕಂಡಕ್ಟರ್ ಗುರುತು ಹಿಡಿದ, ಏನಕ್ಕಾ, ಮತ್ತ ಟೇಪ್ ಏನು, ಹೌದ್ರಿ, ಮತ್ತ ಟೇಪ್, ನಕ್ಕರೆ ನಗಲಿ, ತವರು ಕಂಡು ಬಂದವಳು ನಾನು, ಅವನಲ್ಲ. ತವರೆಂದರೆ ಪಂಚಮಿಗೆ ಒಂದೇ ಸಲ, ಮಾವ ಹಣಮಂತರಾಯರು ಮದುವೆಯಾದ ಎಂಟನೆಯ ದಿನವೇ ಹೇಳಿದ್ದರು, ಸೊಸಿ ಪದೇ ಪದೇ ತವರಿಗಿ ಹೋದ್ರ ಕರಜಗಿ ಮಂದಿ ಏನಂದಾರು, ಆದರೆ ಟೇಪ್ ಕೆಟ್ಟ ದಿನ ಅದೇ ಮಾವ, ಬೀಗರು ಕೊಟ್ಟ ಸಾಮಾನ ನಾವು ಹೊತ್ಕೊಂಡು ಹೋದ್ರ ನಮ್ಮ ಇಜ್ಜತ್ ಏನಾಗಬೇಕು, ಸೊಸಿನೇ ಒಯ್ಯಲಿ, ಅವರಪ್ಪ ಅಂಗಡಿಗಿ ತೋರಿಸ್ಲಿ, ಅಂದಾಗ ನಾನು ತಲೆ ತಗ್ಗಿಸಿ ನಿಂತಿದ್ದೆ, ಮರ್ಯಾದೆಗಲ್ಲ, ನಗು ಕಾಣಬಾರದೆಂದು — ಮಾದನಹಿಪ್ಪರಗಾದಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು, ಅವ್ವನ ಮಗ್ಗುಲಲ್ಲಿ ನನ್ನ ಹಳೆಯ ಕೌದಿ, ಒಮ್ಮೆ ಎಂಟು ದಿನ, ಒಮ್ಮೆ ಹದಿನೈದು ದಿನ, ಒಳಗಿನ ಬೆಲ್ಟು ಸೊಲ್ಲಾಪುರದಿಂದ ಬರಬೇಕಂತೆ, ಬರಲಿ, ನಡೆದುಕೊಂಡೇ ಬರಲಿ.

ಕೆಡುವುದು ಯಾಕೆಂದು ನನಗೆ ಮೊದಲ ಸಲವೇ ತಿಳಿದಿತ್ತು, ಅತ್ತೆ ಗುರಮ್ಮ ಹೊಸದೇನು ಬಂದರೂ, ರಿಪೇರಿಯಾಗಿ ಬಂದರೂ, ಪೂಜೆ ಮಾಡದೆ ಒಳಗೆ ಬಿಡುವವರಲ್ಲ, ಹೊಲದ ಎಂಜಿನ್ನಿಗೂ ಕಾಯಿ ಒಡೆದಿದ್ದಾರೆ, ರೇಷನ್ ಕಾರ್ಡಿಗೂ ಒಡೆದಿದ್ದಾರೆ, ಟೇಪಿನ ಸ್ಪೀಕರ್ ಜಾಳಿಗೆಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮವಿಟ್ಟು, ಕಾಯಿಯ ಹೋಳನ್ನು ಅದರ ನೆತ್ತಿಯ ಮೇಲೆ ಓರೆ ಮಾಡುತ್ತಾರೆ, ಹೋಳಿನ ಅಂಚಿಗೆ ಒಂದು ಹನಿ ಬಂದು ನಿಲ್ಲುತ್ತದೆ, ನಡುಗುತ್ತದೆ, ಬೀಳುತ್ತದೆ, ಅದರ ಹಿಂದೆ ಉಳಿದ ನೀರೆಲ್ಲ. ಎರಡು ದಿನ ಹಾಡು, ಮೂರನೆಯ ದಿನ ಗೊರಗೊರ, ಆಮೇಲೆ ಒಳಗಿಂದ ಇರುವೆಯ ಸಾಲು. ಹೇಳಬಹುದಿತ್ತು, ಹೇಳಲಿಲ್ಲ — ಪಾಪ, ಚಂದ್ರಾಮ, ಬಾಯಿಬಿಟ್ಟು ಗಂಡನ ಹೆಸರು ಹೇಳುವ ಹಾಗಿಲ್ಲ, ಮನಸ್ಸಿನಲ್ಲಾದರೂ ಅನ್ನುತ್ತೇನೆ, ಚಂದ್ರಾಮ, ತನ್ನದೇ ಭಜನೆಯನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಕಣ್ಣು ಮುಚ್ಚಿ ಕೇಳುವವನು, ಅದು ನಿಂತಾಗಲೆಲ್ಲ ಎರಡು ದಿನ ಸರಿಯಾಗಿ ಉಣ್ಣುವುದಿಲ್ಲ, ಅವನ ತಟ್ಟೆಯಲ್ಲಿ ಉಳಿದ ರೊಟ್ಟಿಯನ್ನು ಎತ್ತಿ ಮುಚ್ಚಿಡುವವಳು ನಾನೇ. ಈ ಸಲ ಅಂಗಡಿಯ ಖಾದರಸಾಬ ಹಿಂದಿನ ಮುಚ್ಚಳ ಬಿಚ್ಚಿ, ಒಳಗಿನ ಅಂಟನ್ನು ಬೆರಳಿಗೆ ತೆಗೆದುಕೊಂಡು ನೆಕ್ಕಿ ನೋಡಿದ, ಇದೇನ್ ತಂಗಿ, ಸಿಹಿ ಅದಲ್ಲ, ಅಪ್ಪ ನನ್ನ ಮುಖ ನೋಡಿದ, ನಾನು ಫ್ಯಾನ್ ನೋಡಿದೆ. ಹೊಸದಕ್ಕೆ ಪ್ಲಾಸ್ಟಿಕ್ ಸುತ್ತಿ ಹುರಿ ಬಿಗಿದು ಕೊಟ್ಟ, ಗ್ಯಾರಂಟಿ ಸೋಮವಾರದ ತನಕ ಅದ, ಮಂಗಳವಾರ ಬಂದ್ರ ನಾ ನಿನ್ನ ಗುರ್ತಾ ಹಿಡಿಯಂಗಿಲ್ಲ, ಅಂದ. ಇವತ್ತು ಶುಕ್ರವಾರ. ಇದು ಕೆಡದಿದ್ದರೆ ಪಂಚಮಿಯವರೆಗೆ ಅವ್ವನ ಮುಖ ಇಲ್ಲ, ಒಂಬತ್ತು ತಿಂಗಳು, ಇರಲಿ, ಹೇಳಿಬಿಡುತ್ತೇನೆ, ಅತ್ತೀ, ನೀರ್ ಹಾಕಬ್ಯಾಡ್ರಿ, ಇಷ್ಟೇ ಮಾತು — ಕಾಯಿ ಮತ್ತೆ ಬಂದು ಕಾಲಿಗೆ ಬಡಿಯಿತು.

ಕರಜಗಿ, ಸ್ಟ್ಯಾಂಡಿನಲ್ಲಿ ಗಂಡ, ಮೊದಲು ಡಬ್ಬಿ ನೋಡಿದ, ಆಮೇಲೆ ನನ್ನನ್ನು, ದಾರಿಯುದ್ದಕ್ಕೂ ಮಗುವಿನ ಹಾಗೆ ಎದೆಗವಚಿಕೊಂಡು ನಡೆದ, ಮನೆಗೆ ಬಂದು ಪಡಸಾಲೆಯಲ್ಲಿ ಅದನ್ನಿಟ್ಟು ಕ್ಯಾಸೆಟ್ ಹುಡುಕಲು ಒಳಗೆ ಓಡಿದ, ಅತ್ತೆ ಆಗಲೇ ಕೂತಿದ್ದಾರೆ, ವಿಭೂತಿ, ಕುಂಕುಮ, ಕಾಯಿ, ನಾನು ಬಾಯಿ ತೆರೆದೆ, ಅತ್ತೀ — ಆ ಪ್ಲಾಸ್ಟಿಕ್ ಬಿಚ್ಚವಾ, ಅಂದರು. ಬಿಚ್ಚಿದೆ. ಗ್ಯಾರಂಟಿ ಎಂದಿನ ತನಕ ಅದ, ಅಂತ ಕೇಳಿದರು. ಸೋಮವಾರ, ಅಂದೆ. ಅತ್ತೆ ಬೆರಳು ಮಡಚುತ್ತಾರೆ, ಶುಕ್ರವಾರ, ಶನಿವಾರ, ಐತವಾರ ಕೆಡ್ತದ, ಸೋಮವಾರ ಮುಂಜಾನಿ ಬಸ್ಸಿಗಿ ಹೋಗು — ಅತ್ತೀ, ನಿಮಗ ಗೊತ್ತದೇನ್ರಿ, ಅಂದೆ, ಅವರು ನನ್ನ ಕಡೆ ನೋಡಲೇ ಇಲ್ಲ, ವಿಭೂತಿ ಎಳೆಯುತ್ತಲೇ, ಹ್ವಾದ ಸಲ ಆ ಸಾಬ ಡಬ್ಬಿಯಾಗ ಚೀಟಿ ಇಟ್ಟಿದ್ದ, ನೀರ್ ಹಾಕಬ್ಯಾಡ್ರಿ ಅಂತ, ಬಾಜೂಮನಿ ಹಜರಾಬಿ ಓದಿ ಹೇಳಿದ್ಳು, ತವರು ಜೇವರ್ಗಿ ಬಿಟ್ಟು ಈ ಮನಿಗಿ ಬಂದ ಮ್ಯಾಲ ಏಳು ವರ್ಷ ನಾ ನಮ್ಮವ್ವನ ಮಾರಿ ನೋಡಿದ್ದಿಲ್ಲ, ನಮ್ಮ ಕಾಲಕ್ಕ ಟೇಪ್ ಇದ್ದಿದ್ದಿಲ್ಲ ನೋಡವಾ. ಕಾಯಿ ಒಡೆಯಿತು. ಒಳಗಿಂದ ಗಂಡನ ದನಿ, ಕ್ಯಾಸೆಟ್ ಸಿಕ್ತು, ಸಿಕ್ತು, ಬಂದೆ, ತಡೀರಿ — ಅವನ ತಟ್ಟೆಯ ರೊಟ್ಟಿ, ಅವ್ವನ ಮಗ್ಗುಲಿನ ಕೌದಿ, ಹೇಳಬೇಕು, ಬೇಡವೆನ್ನಬೇಕು, ಇಷ್ಟೇ ಮಾತು, ಹೋಳು ಓರೆಯಾಗಿದೆ, ಅಂಚಿಗೆ ಹನಿ ಬಂದು ನಿಂತಿದೆ, ನಡುಗುತ್ತಿದೆ, ಬಾಯಿ ತೆರೆದೇ ಇದೆ ನನ್ನದು, ಹನಿ, ಆ ಹನಿ